ಸಿಗದೇ ಹೋಗಬಹುದಾದದ್ದಕ್ಕೆ ಹಣ ಕೇಳುವುದು

ವಿಶ್ವವಿದ್ಯಾಲಯಗಳಲ್ಲಿ ಈಗ ಹೊಸದೊಂದು ಬಗೆಯ ಸುತ್ತೋಲೆ ಬರುತ್ತಿದೆ. ಸೋಲುವ ಸಾಧ್ಯತೆ ಹೆಚ್ಚಿರುವ, ಗೆದ್ದರೆ ಮಾತ್ರ ದೊಡ್ಡ ಫಲ ಕೊಡುವ ಸಂಶೋಧನೆಗೆ ವಿಶ್ವವಿದ್ಯಾಲಯವೇ ತನ್ನ ನಿಧಿಯಿಂದ ಹಣ ಕೊಡುತ್ತದೆ, ಅರ್ಜಿ ಹಾಕಿ ಎನ್ನುವ ಸುತ್ತೋಲೆ. ‘ಹೈ ರಿಸ್ಕ್, ಹೈ ರಿವಾರ್ಡ್’ ಎನ್ನುವುದು ಇದರ ಚಾಲ್ತಿಯ ಹೆಸರು. ಮೊದಲ ಪುಟದಲ್ಲಿ ಧೈರ್ಯ, ಹೊಸತನ, ಅಪಾಯ ಮುಂತಾದ ಮಾತುಗಳಿರುತ್ತವೆ. ನಾಲ್ಕನೆಯ ಪುಟಕ್ಕೆ ಬಂದರೆ ಅರ್ಜಿ ನಮೂನೆ. ಅದರಲ್ಲಿ ಎರಡು ಕಲಮುಗಳು: ‘ನಿರೀಕ್ಷಿತ ಫಲಿತಾಂಶಗಳು’ ಮತ್ತು ‘ತ್ರೈಮಾಸಿಕ ಗುರಿಗಳು’. ಏನು ಸಿಗುತ್ತದೋ ಗೊತ್ತಿಲ್ಲದ ಕೆಲಸಕ್ಕೆ ಹಣ ಕೊಡುತ್ತೇವೆ, ಆದರೆ ಏನು ಸಿಗುತ್ತದೆಂದು ಮೊದಲೇ ಬರೆದುಕೊಡಿ ಎಂದು ಒಂದೇ ಕಾಗದ ಎರಡು ಬಾಯಲ್ಲಿ ಹೇಳುತ್ತದೆ.

ಇದನ್ನು ಆಡಳಿತದ ಎಡವಟ್ಟು ಎಂದು ನಕ್ಕು ಬಿಡಬಹುದು. ನನಗೆ ಹಾಗನ್ನಿಸಿಲ್ಲ. ಇಲ್ಲಿ ನೈತಿಕವಾದ ಪ್ರಶ್ನೆಯೊಂದಿದೆ. ತನಗೇ ಗೊತ್ತಿಲ್ಲದ್ದನ್ನು ಒಬ್ಬ ಮನುಷ್ಯ ಇನ್ನೊಬ್ಬರಿಗೆ ಪ್ರಾಮಾಣಿಕವಾಗಿ ಮಾತು ಕೊಡಲು ಸಾಧ್ಯವೇ? ಸಾಧ್ಯವಿಲ್ಲವೆಂದಾದರೆ ಯಾವ ಬಲದ ಮೇಲೆ ಹಣ ಕೇಳಬೇಕು?

ನಾನು ಅರ್ಜಿ ಹಾಕಿದ್ದು ಒಂದು ಸಣ್ಣ ಕೆಲಸಕ್ಕೆ. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟ 1905ರಲ್ಲಿ ಬಂತು. ಅದರಲ್ಲಿ ಕೆರೆಗಳ ಮಾತು ಮತ್ತೆ ಮತ್ತೆ ಬರುತ್ತದೆ. ಏರಿ, ಕೋಡಿ, ತೂಂಬು, ಕಟ್ಟುಕೊಡಗೆ, ಬಿತ್ತುವಟ್ಟ. ಇವುಗಳಲ್ಲಿ ಕೆಲವು ಇಂದಿಗೂ ಜನರ ಬಾಯಲ್ಲಿವೆ. ತೂಂಬು ನಡುವಿನ ಅನುಸ್ವಾರ ಕಳೆದುಕೊಂಡು ತೂಬು ಆಗಿದೆ. ಇನ್ನು ಕೆಲವಕ್ಕೆ ಪಂಡಿತರು ಸಂದರ್ಭ ನೋಡಿ ಅರ್ಥ ಊಹಿಸಿದ್ದಾರೆ. ಕೆರೆಯ ನೀರನ್ನು ಗದ್ದೆಗಳಿಗೆ ಪಾಲು ಮಾಡುತ್ತಿದ್ದವರು ನೀರುಗಂಟಿಗಳು. ತೂಬು ಎತ್ತುವುದು, ಕಾಲುವೆ ಕಾಯುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವುದು ಅವರ ಕೆಲಸ. ಉಳಿದಿರುವ ವಯಸ್ಸಾದ ನೀರುಗಂಟಿಗಳ ಮಾತನ್ನು ದಾಖಲಿಸಿದರೆ ಶಾಸನದ ಮಸುಕಾದ ಪದಗಳಲ್ಲಿ ಒಂದೆರಡಾದರೂ ತಿಳಿಯಾದೀತೇ ಎನ್ನುವುದು ನನ್ನ ಪ್ರಶ್ನೆ.

ಸಿಗದೇ ಹೋಗುವ ಸಾಧ್ಯತೆಯೇ ಹೆಚ್ಚು. ಕೊಳವೆ ಬಾವಿ ಬಂದ ಮೇಲೆ ಎಷ್ಟೋ ಊರುಗಳಲ್ಲಿ ನೀರುಗಂಟಿಯ ಕೆಲಸವೇ ಇಲ್ಲವಾಗಿದೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಆದರೆ ಅದು ಅಂತರ್ಜಲ ಮರುಪೂರಣಕ್ಕೆಂದು ಬಿಟ್ಟ ನೀರು, ತೂಬೆತ್ತಿ ಗದ್ದೆಗೆ ಹರಿಸಲಿಕ್ಕಲ್ಲ. ಕೆರೆ ತುಂಬಿದರೂ ತೂಬಿನ ಸುತ್ತ ಇದ್ದ ಮಾತು ಮರಳುವುದಿಲ್ಲ. ಎಂಟು ತಿಂಗಳು ಊರೂರು ಸುತ್ತಿ ಬಂದರೂ ಕೈಗೆ ಬರುವುದು ಎಲ್ಲರಿಗೂ ಗೊತ್ತಿರುವ ಹತ್ತು ಪದ ಮಾತ್ರ ಆಗಬಹುದು.

ಅರ್ಜಿಯ ಮೊದಲ ಕರಡಿನಲ್ಲಿ ನಾನು ಇದನ್ನೇ ಬರೆದಿದ್ದೆ. ನಮ್ಮ ಗೈಡ್ ಓದಿ, ಪೆನ್ಸಿಲ್ ತೆಗೆದುಕೊಂಡು ಒಂದು ಪದದ ಕೆಳಗೆ ಗೆರೆ ಎಳೆದರು. “ನೋಡಮ್ಮಾ, ‘ಸಿಗಬಹುದು’ ಅಂತ ಬರೆದ್ರೆ ಕಮಿಟಿಯವರು ಮುಂದಿನ ಫೈಲ್ ಎತ್ಕೋತಾರೆ. ‘ಸಿಗುತ್ತದೆ’ ಅಂತ ಬರಿ. ಎಲ್ಲರೂ ಹಾಗೇ ಬರೆಯೋದು. ಓದೋರಿಗೂ ಅದು ಗೊತ್ತಿರುತ್ತೆ.”

ಅವರು ಸುಳ್ಳು ಹೇಳಿಕೊಡುವ ಮನುಷ್ಯರಲ್ಲ. ಮೂವತ್ತು ವರ್ಷ ಇಂಥ ಫೈಲುಗಳ ನಡುವೆ ಬದುಕಿದವರು, ವಿದ್ಯಾರ್ಥಿಗೆ ಹಣ ಸಿಗಲಿ ಎಂದು ಹೇಳಿದ್ದು. ಅವರ ಮಾತಿನಲ್ಲಿ ಒಂದು ತರ್ಕವೂ ಇದೆ. ಹೇಳುವವರಿಗೂ ಕೇಳುವವರಿಗೂ ಇದು ರೂಢಿಯ ಮಾತು ಎಂದು ಗೊತ್ತಿದ್ದರೆ ಅಲ್ಲಿ ಮೋಸವೆಲ್ಲಿ? ಪತ್ರದ ಕೊನೆಗೆ ‘ಇಂತಿ ತಮ್ಮ ವಿಧೇಯ’ ಎಂದು ಬರೆಯುವವನು ಯಾರಿಗೂ ವಿಧೇಯನಲ್ಲ, ಓದುವವರೂ ಹಾಗೆ ತಿಳಿಯುವುದಿಲ್ಲ. ‘ಸಿಗುತ್ತದೆ’ ಎನ್ನುವುದೂ ಅರ್ಜಿಯ ಶಿಷ್ಟಾಚಾರ ಎಂದುಕೊಂಡರಾಯಿತು.

ಈ ತರ್ಕವನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಒಂದು ಕಡೆ ಅದು ಕುಂಟುತ್ತದೆ. ‘ತಮ್ಮ ವಿಧೇಯ’ ಎಂದು ಬರೆದದ್ದಕ್ಕೆ ಯಾರಿಗೂ ಹೆಚ್ಚು ಹಣ ಸಿಗುವುದಿಲ್ಲ. ‘ಸಿಗುತ್ತದೆ’ ಎಂದು ಬರೆದದ್ದಕ್ಕೆ ಸಿಗುತ್ತದೆ. ಗೈಡ್ ಹೇಳಿದ್ದೇ ಅದು: ‘ಸಿಗಬಹುದು’ ಎಂದವರ ಫೈಲು ಕೆಳಗೆ ಹೋಗುತ್ತದೆ. ಹಾಗಿದ್ದ ಮೇಲೆ ಅದು ಬರೀ ಶಿಷ್ಟಾಚಾರವಲ್ಲ. ಎಲ್ಲರಿಗೂ ಗೊತ್ತಿರುವ ಮಾತಾದರೂ ಅದು ಕೆಲಸ ಮಾಡುತ್ತಿದೆ, ಒಬ್ಬರಿಂದ ಇನ್ನೊಬ್ಬರ ಕಡೆಗೆ ಹಣ ತಿರುಗಿಸುತ್ತಿದೆ. ಹಣ ಹಂಚುವ ಮಾತಿಗೆ ನಿಜದ ಹೊಣೆ ಇರಲೇಬೇಕು.

ಎರಡನೆಯ ತೊಂದರೆ ಹಣ ಬಂದ ಮೇಲಿನದು. ‘ಸಿಗುತ್ತದೆ’ ಎಂದು ಬರೆದವನು ಹುಡುಕಲು ಹೋಗುವುದಿಲ್ಲ, ಬರೆದದ್ದನ್ನು ತರಲು ಹೋಗುತ್ತಾನೆ. ಮುದುಕರೊಬ್ಬರು ಯಾವುದೋ ಪದ ಹೇಳುತ್ತಾರೆ, ಅದು ಶಾಸನದ ಪದದ ಹಾಗೆ ಅರ್ಧ ಕೇಳಿಸುತ್ತದೆ. ಮಾತು ಕೊಟ್ಟಿರದಿದ್ದರೆ ಇನ್ನೂ ಮೂರು ಊರಿನಲ್ಲಿ ಕೇಳಿ ನೋಡೋಣ ಎನ್ನಬಹುದು. ಮಾತು ಕೊಟ್ಟವನಿಗೆ ಮಾರ್ಚ್ 31 ಎದುರಿಗಿರುತ್ತದೆ, ಬಳಕೆ ಪ್ರಮಾಣಪತ್ರ ಸಲ್ಲಿಸಬೇಕಿರುತ್ತದೆ. ಅರ್ಧ ಕೇಳಿಸಿದ್ದು ಪೂರ್ತಿ ಕೇಳಿಸಿದಂತಾಗುತ್ತದೆ. ಸಂಶೋಧನೆಯಲ್ಲಿ ದೊಡ್ಡ ಸುಳ್ಳುಗಳು ಹೀಗೆ ಸಣ್ಣ ಭರವಸೆಗಳ ಬೆನ್ನಿಗೆ ಬರುತ್ತವೆ ಎಂದು ನನ್ನ ನಂಬಿಕೆ.

ಅರ್ಜಿಯ ಕಲಮಿನಲ್ಲಿ ಅಡಗಿರುವ ಒಗಟು ಹಳೆಯದು. ಪ್ಲೇಟೋನ ‘ಮೆನೊ’ ಸಂವಾದದಲ್ಲಿ ಅದು ಬರುತ್ತದೆ. ನಿನಗೆ ಗೊತ್ತಿರುವುದನ್ನು ಹುಡುಕಬೇಕಾಗಿಲ್ಲ; ಗೊತ್ತಿಲ್ಲದ್ದನ್ನು ಹುಡುಕಲಾರೆ, ಎದುರಿಗೆ ಬಂದರೂ ಅದೇ ಎಂದು ಹೇಗೆ ಗುರುತಿಸುತ್ತೀ? ಸಾಕ್ರೆಟಿಸ್ ಇದಕ್ಕೆ ಕೊಡುವ ಉತ್ತರ ಆತ್ಮದ ಹಿಂದಿನ ನೆನಪಿನ ಕುರಿತದ್ದು. ಅದು ಇಲ್ಲಿ ನಮಗೆ ಬೇಡ. ನಮಗೆ ಬೇಕಾದದ್ದು ಒಗಟಿನ ನಡುವೆ ಇರುವ ಜಾಗ. ಹುಡುಕುವವನಿಗೆ ಉತ್ತರ ಗೊತ್ತಿರುವುದಿಲ್ಲ, ಪ್ರಶ್ನೆ ಮಾತ್ರ ಗೊತ್ತಿರುತ್ತದೆ. ಪ್ರಶ್ನೆಯನ್ನು ಎಷ್ಟು ಚೆನ್ನಾಗಿ ಬಲ್ಲೆ ಎನ್ನುವುದಕ್ಕೆ ಅವನು ಸಾಕ್ಷಿ ಕೊಡಬಲ್ಲ. ಅರ್ಜಿಯ ನಮೂನೆಯಲ್ಲಿ ಅದಕ್ಕೆ ಒಂದು ಕಲಮಿಲ್ಲ.

ಇನ್ನು ‘ರಿಸ್ಕ್’ ಎನ್ನುವ ಪದ. ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರ ತನ್ನ ಪುಸ್ತಕದಲ್ಲಿ ಎರಡು ಸಂಗತಿಗಳನ್ನು ಬೇರೆ ಮಾಡಿದ. ಲೆಕ್ಕ ಹಾಕಬಹುದಾದ ಅಪಾಯ ಒಂದು. ವಿಮೆ ಕಂಪನಿಗೆ ಯಾವ ಮನೆಗೆ ಬೆಂಕಿ ಬೀಳುತ್ತದೆಂದು ಗೊತ್ತಿಲ್ಲ, ಆದರೆ ಸಾವಿರಕ್ಕೆ ಎಷ್ಟು ಮನೆಗೆ ಬೀಳುತ್ತದೆಂದು ಅಂದಾಜಿದೆ. ಲೆಕ್ಕವೇ ಹಾಕಲಾಗದ ಅನಿಶ್ಚಿತತೆ ಇನ್ನೊಂದು. ಹಿಂದೆ ಯಾರೂ ಮಾಡದ ಕೆಲಸದಲ್ಲಿ ಸಾವಿರಕ್ಕೆ ಎಷ್ಟು ಎಂದು ಕೇಳಲು ಸಾವಿರವೇ ಇರುವುದಿಲ್ಲ. ವಿಶ್ವವಿದ್ಯಾಲಯಗಳು ‘ರಿಸ್ಕ್’ ಎನ್ನುತ್ತವೆ, ಆದರೆ ಹೊಸ ಸಂಶೋಧನೆಯಲ್ಲಿ ಇರುವುದು ನೈಟ್ ಹೇಳುವ ಎರಡನೆಯ ಬಗೆ.

ಈ ಪದ ಇನ್ನೊಂದನ್ನೂ ಮರೆಮಾಡುತ್ತದೆ: ಯಾರ ಅಪಾಯ? ಕೋಲಾರದ ರೈತನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸಾವಿರ ಅಡಿ ದಾಟಿ ಕೊರೆಸುವ ಕೊಳವೆ ಬಾವಿಗೆ ಅವನು ಸಾಲ ಮಾಡುತ್ತಾನೆ, ಒಡವೆ ಅಡವಿಡುತ್ತಾನೆ. ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ತೋರಿಸಿದವನು ಫೀಸು ತೆಗೆದುಕೊಂಡು ಹೋಗಿರುತ್ತಾನೆ, ಗಾಡಿಯವನು ಅಡಿ ಲೆಕ್ಕದಲ್ಲಿ ದುಡ್ಡು ಎಣಿಸಿಕೊಂಡಿರುತ್ತಾನೆ. ಧೂಳು ಬಂದರೆ ಆ ಧೂಳು ರೈತನೊಬ್ಬನ ಪಾಲಿಗೆ. ಅವನ ಮುಂದೆ ನಿಂತು ನನ್ನದು ‘ಹೈ ರಿಸ್ಕ್’ ಸಂಶೋಧನೆ ಎಂದು ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ನಾನು ಕೇಳಿದ್ದು ಒಂದೂವರೆ ಲಕ್ಷ. ಬಸ್ ಚಾರ್ಜು, ಒಂದು ರೆಕಾರ್ಡರ್, ಒಂದು ಹಾರ್ಡ್ ಡಿಸ್ಕ್, ಬರೆದುಕೊಡುವವರ ಕೂಲಿ. ಅದು ಹೋದರೆ ಯಾರ ಜಮೀನೂ ಹರಾಜಾಗುವುದಿಲ್ಲ.

ಹಾಗೆಂದು ವಿಶ್ವವಿದ್ಯಾಲಯದೊಳಗೆ ಅಪಾಯ ಸಮನಾಗಿ ಹಂಚಿಕೆಯಾಗಿದೆ ಎಂದಲ್ಲ. ಕಾಯಂ ಪ್ರಾಧ್ಯಾಪಕರೊಬ್ಬರ ಯೋಜನೆ ಸೋತರೆ ಮುಂದಿನ ತಿಂಗಳ ಸಂಬಳ ಬಂದೇ ಬರುತ್ತದೆ. ಅದೇ ಯೋಜನೆಯಲ್ಲಿ ದುಡಿದ ಸಂಶೋಧನಾ ವಿದ್ಯಾರ್ಥಿಗೆ ಹಾಗಿಲ್ಲ. ಯುಜಿಸಿಯ ಜೆಆರ್‌ಎಫ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ 42,000. ಐದು ವರ್ಷಕ್ಕೆ ಅದು ನಿಲ್ಲುತ್ತದೆ. ಫೆಲೋಶಿಪ್ಪೇ ಇಲ್ಲದೆ ಅತಿಥಿ ಉಪನ್ಯಾಸಕರಾಗಿ ಓಡಾಡುತ್ತ ಪ್ರಬಂಧ ಬರೆಯುವವರು ನಮ್ಮಲ್ಲಿ ಎಷ್ಟೋ ಜನ. ಅವರಿಗೆ ಸೋತ ಒಂದು ವರ್ಷ ಎಂದರೆ ಬದುಕಿನಿಂದಲೇ ಕಳೆದ ಒಂದು ವರ್ಷ. ಧೈರ್ಯ ಮಾಡಿ ಎಂದು ಕರೆ ಕೊಡುವವರು ಬಿದ್ದವರನ್ನು ಹಿಡಿಯುವ ಬಲೆಯ ಬಗ್ಗೆಯೂ ಒಂದು ಸಾಲು ಬರೆಯಬೇಕಲ್ಲವೇ?

ಸಹಿ ಹಾಕದೇ ಅಪಾಯದಲ್ಲಿ ಪಾಲುದಾರರಾಗುವವರು ಇನ್ನೊಬ್ಬರಿದ್ದಾರೆ. ಎಂಬತ್ತು ದಾಟಿದ ನೀರುಗಂಟಿಯೊಬ್ಬರು ನನಗಾಗಿ ಎರಡು ದಿನ ಕೂತು ಮಾತಾಡುತ್ತಾರೆ. ಅವರ ಸಮಯಕ್ಕೆ ಹಣ ಕೊಡಲು ನಮೂನೆಯಲ್ಲಿ ‘ಹೆಡ್’ ಇಲ್ಲ. ರೆಕಾರ್ಡರಿಗಾದರೆ ಮೂರು ಕೊಟೇಶನ್ ತಂದರೆ ಹಣ ಬರುತ್ತದೆ. ನೆನಪಿಗೆ ಕೊಟೇಶನ್ ಎಲ್ಲಿಂದ ತರುವುದು?

ಆಯ್ಕೆ ಸಮಿತಿಯ ಮುಂದೆ ಹತ್ತು ನಿಮಿಷ ಮಾತಾಡಲು ಕರೆದಿದ್ದರು. ನಾನು ‘ಸಿಗಬಹುದು’ ಎಂದೇ ಇಟ್ಟುಕೊಂಡು ಹೋಗಿದ್ದೆ. ಒಬ್ಬ ಸದಸ್ಯರು, “ಏನೂ ಸಿಗದಿದ್ರೆ ದುಡ್ಡು ವಾಪಸ್ ಕೊಡ್ತೀರೇನ್ರಿ?” ಎಂದರು. ಎಲ್ಲರೂ ನಕ್ಕರು. ನನಗೆ ಆ ಪ್ರಶ್ನೆ ನಗುವಂಥದ್ದು ಅನ್ನಿಸಲಿಲ್ಲ. ಶೌಚಾಲಯಕ್ಕೆ ನೀರಿಲ್ಲದ ಶಾಲೆಗಳಿರುವ ನಾಡಿನಲ್ಲಿ, ಏನೂ ಸಿಗದೇ ಇರಬಹುದಾದ ಕೆಲಸಕ್ಕೆ ಜನರ ತೆರಿಗೆಯ ಹಣ ಯಾಕೆ ಕೊಡಬೇಕು? ಈ ಪ್ರಶ್ನೆಗೆ ಉತ್ತರ ಕೊಡದೆ ಸಂಶೋಧನೆಯ ಸ್ವಾತಂತ್ರ್ಯ ಎಂದು ಕೂಗುವುದು ಸರಿಯಲ್ಲ.

ಅಮೆರಿಕದ ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ ಇದೇ ಪ್ರಶ್ನೆಯನ್ನು ಹದಿಮೂರು ವರ್ಷ ಕೇಳಿದ. 1975ರಿಂದ 1988ರವರೆಗೆ ತಿಂಗಳಿಗೊಮ್ಮೆ ‘ಗೋಲ್ಡನ್ ಫ್ಲೀಸ್’ ಎಂಬ ಕುಚೋದ್ಯದ ಪ್ರಶಸ್ತಿ ಕೊಟ್ಟು, ಸರ್ಕಾರದ ಹಣ ಪೋಲಾಗುತ್ತಿದೆ ಎಂದು ತನಗೆ ಕಂಡ ಕಡೆ ಬೆರಳು ತೋರಿದ. ಮೊದಲ ಪ್ರಶಸ್ತಿ ಪ್ರೀತಿ ಯಾಕೆ ಹುಟ್ಟುತ್ತದೆ ಎಂದು ಅಧ್ಯಯನ ಮಾಡಲು ಕೊಟ್ಟ 84,000 ಡಾಲರಿಗೆ. ಹಣ ಕೊಡುವವರು ಲೆಕ್ಕ ಕೇಳಬೇಕು ಎನ್ನುವುದರಲ್ಲಿ ಸೆನೆಟರ್ ಸರಿ. ಆದರೆ ಅವನ ಅಳತೆಗೋಲು ಶೀರ್ಷಿಕೆಯದು. ಹೆಸರು ಕೇಳಿ ನಗು ಬಂದರೆ ಕೆಲಸವೂ ನಗೆಪಾಟಲು ಎಂಬ ಎಣಿಕೆ. ಅದಕ್ಕೆ ಎದುರಾಗಿ 2012ರಲ್ಲಿ ‘ಗೋಲ್ಡನ್ ಗೂಸ್’ ಎಂಬ ಪ್ರಶಸ್ತಿ ಶುರುವಾಯಿತು, ಮೊದಲು ವಿಚಿತ್ರವಾಗಿ ಕಂಡು ಆಮೇಲೆ ಬಹಳ ಉಪಯೋಗಕ್ಕೆ ಬಂದ ಸಂಶೋಧನೆಗಳಿಗೆ.

ಈ ಎರಡನೆಯ ಪ್ರಶಸ್ತಿಯ ವಾದವನ್ನೇ ನಾವೆಲ್ಲ ಸಾಮಾನ್ಯವಾಗಿ ಹೂಡುವುದು. ಕ್ಯಾಟಲಿನ್ ಕರಿಕೋ ಕತೆ ಈಗ ಎಲ್ಲರ ಬಾಯಲ್ಲಿದೆ. ಎಂಆರ್‌ಎನ್‌ಎ ಮೇಲಿನ ಅವರ ಅರ್ಜಿಗಳು 1990ರ ದಶಕದಲ್ಲಿ ಮತ್ತೆ ಮತ್ತೆ ತಿರಸ್ಕಾರವಾದವು, 1995ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅವರಿಗೆ ಹಿಂಬಡ್ತಿಯಾಯಿತು. 2005ರಲ್ಲಿ ಡ್ರೂ ವೈಸ್‌ಮನ್ ಜೊತೆ ಪ್ರಕಟಿಸಿದ ಕೆಲಸ ಮುಂದೆ ಕೋವಿಡ್ ಲಸಿಕೆಗೆ ದಾರಿಯಾಗಿ, 2023ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಈ ಕತೆಯನ್ನು ನಮ್ಮ ಪರವಾಗಿ ಬಳಸುವಾಗ ಒಂದು ಕೈಚಳಕ ನಡೆಯುತ್ತದೆ. ಗೆದ್ದವರ ಕತೆ ಹೇಳಿ ಸೋಲುವ ಸ್ವಾತಂತ್ರ್ಯ ಕೇಳುತ್ತೇವೆ. ಲಸಿಕೆ ಬರದೇ ಹೋಗಿದ್ದರೆ? ಅಷ್ಟೇ ಶ್ರದ್ಧೆಯಿಂದ ದುಡಿದು, ಕೊನೆಗೆ ದಾರಿ ಮುಚ್ಚಿಹೋದವರು ಎಷ್ಟೋ ಜನ ಇದ್ದಿರಬೇಕು. ಅವರ ಹೆಸರಲ್ಲಿ ಪ್ರಶಸ್ತಿಯಿಲ್ಲ. ಅವರ ಕೆಲಸ ಸರಿಯಾಗಿತ್ತೇ, ತಪ್ಪಾಗಿತ್ತೇ?

ಇಲ್ಲಿ ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ ನೆನಪಾಗುತ್ತಾನೆ. 1976ರಲ್ಲಿ ಅವನು ಮತ್ತು ಥಾಮಸ್ ನೇಗಲ್ ‘ನೈತಿಕ ಅದೃಷ್ಟ’ ಎಂಬ ವಿಷಯದ ಮೇಲೆ ಎದುರುಬದುರಾಗಿ ಬರೆದರು. ವಿಲಿಯಮ್ಸ್ ಕೊಡುವ ನಿದರ್ಶನ ಚಿತ್ರಕಾರ ಗೋಗ್ಯಾನ್‌ನನ್ನು ನೆನಪಿಸುವ ಒಬ್ಬನದು. ಹೆಂಡತಿ ಮಕ್ಕಳನ್ನು ಬಿಟ್ಟು ದೂರದ ದ್ವೀಪಕ್ಕೆ ಚಿತ್ರ ಬರೆಯಲು ಹೋಗುತ್ತಾನೆ. ದೊಡ್ಡ ಕಲಾವಿದನಾದರೆ ಅವನ ನಡೆಗೆ ಏನೋ ಒಂದು ಸಮರ್ಥನೆ ಸಿಗಬಹುದು, ಆಗದಿದ್ದರೆ ಅದೂ ಇಲ್ಲ. ಹೊರಡುವ ದಿನ ಮಾತ್ರ ಅವನಿಗೇ ಇದು ಗೊತ್ತಿರುವುದಿಲ್ಲ. ಅಂದರೆ ಮಾಡಿದ್ದು ಸರಿಯೋ ತಪ್ಪೋ ಎನ್ನುವುದನ್ನು ಅವನ ಕೈಯಲ್ಲಿಲ್ಲದ ಸಂಗತಿ ತೀರ್ಮಾನಿಸುತ್ತದೆ.

ವಿಲಿಯಮ್ಸ್ ಹೇಳುವುದರಲ್ಲಿ ಮನುಷ್ಯರ ನಡವಳಿಕೆಯ ಬಗ್ಗೆ ಕಹಿಯಾದ ಸತ್ಯವಿದೆ. ನಾವು ಫಲ ನೋಡಿಯೇ ತೀರ್ಪು ಕೊಡುತ್ತೇವೆ. ಆದರೆ ಅದನ್ನು ಹಣ ಹಂಚುವ ನೀತಿಯಾಗಿ ಒಪ್ಪಿಕೊಳ್ಳಲಾಗದು. ಒಬ್ಬ ಮನುಷ್ಯ ತನ್ನ ಬದುಕನ್ನು ಪಣಕ್ಕಿಡುವುದು ಬೇರೆ, ಒಂದು ಸಂಸ್ಥೆ ನೂರು ಜನರ ಕೆಲಸಕ್ಕೆ ಹಣ ಕೊಡುವುದು ಬೇರೆ. ಸಂಸ್ಥೆಗೆ ಒಂದೊಂದು ಅರ್ಜಿಯ ಫಲ ಗೊತ್ತಿರಬೇಕಾಗಿಲ್ಲ. ಎಂಥವರಿಗೆ, ಎಂಥ ಕೆಲಸಕ್ಕೆ ಬಾಗಿಲು ತೆರೆದಿಡಬೇಕು ಎನ್ನುವುದು ಗೊತ್ತಿದ್ದರೆ ಸಾಕು.

ನಮ್ಮಲ್ಲೇ ಇದಕ್ಕೊಂದು ಒಳ್ಳೆಯ ಉದಾಹರಣೆಯಿದೆ. 1891ರಲ್ಲಿ ಮೈಸೂರು ಸಂಸ್ಥಾನ ತಾಳೆಗರಿ, ಕೈಬರಹಗಳನ್ನು ಕಲೆಹಾಕಲು ಓರಿಯೆಂಟಲ್ ಲೈಬ್ರರಿ ಸ್ಥಾಪಿಸಿತು. 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥಗಳಲ್ಲಿ ಒಂದನ್ನು ಅಲ್ಲಿನ ಆರ್. ಶಾಮಶಾಸ್ತ್ರಿಗಳು ಗುರುತಿಸಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ, ಹೆಸರಷ್ಟೇ ಕೇಳಿ ಗೊತ್ತಿದ್ದ, ಕಳೆದೇಹೋಯಿತೆಂದು ತಿಳಿದಿದ್ದ ಕೃತಿ. 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು. 1891ರ ಕಡತದಲ್ಲಿ ‘ನಿರೀಕ್ಷಿತ ಫಲಿತಾಂಶ: ಅರ್ಥಶಾಸ್ತ್ರ’ ಎಂದು ಯಾರೂ ಬರೆಯುವಂತಿರಲಿಲ್ಲ. ಇದೂ ಗೆದ್ದ ಕತೆಯೇ ಎಂದು ನೀವು ಹೇಳಬಹುದು, ನಿಜ. ಆದರೆ ಅರ್ಥಶಾಸ್ತ್ರ ಸಿಗದಿದ್ದರೂ ಆ ಲೈಬ್ರರಿಯ ಖರ್ಚು ದಂಡವಾಗುತ್ತಿರಲಿಲ್ಲ. ಅಲ್ಲಿ ಹಣ ಕೊಟ್ಟದ್ದು ಒಂದು ಫಲಕ್ಕಲ್ಲ. ತಾಳೆಗರಿ ಗೆದ್ದಲು ಪಾಲಾಗದೆ ಉಳಿಯುವ ಒಂದು ಜಾಗಕ್ಕೆ, ಅದನ್ನು ಓದಬಲ್ಲ ಒಬ್ಬ ಮನುಷ್ಯನಿಗೆ.

ಯಾರಿಗೆ ಕೊಡಬೇಕು ಎನ್ನುವುದು ಗೊತ್ತಿಲ್ಲದಿದ್ದರೆ ಅದನ್ನೂ ಒಪ್ಪಿಕೊಳ್ಳುವ ದಾರಿಗಳಿವೆ. ನ್ಯೂಜಿಲೆಂಡಿನ ಆರೋಗ್ಯ ಸಂಶೋಧನಾ ಮಂಡಳಿ 2013ರಿಂದ ‘ಎಕ್ಸ್‌ಪ್ಲೋರರ್’ ಅನುದಾನಗಳನ್ನು ಚೀಟಿ ಎತ್ತಿ ಕೊಡುತ್ತಿದೆ. ಮೊದಲು ಅರ್ಹರನ್ನು ಆರಿಸುತ್ತಾರೆ, ಅರ್ಹರಾದವರ ನಡುವೆ ಚೀಟಿ. ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವೂ 2021ರಿಂದ, ಸಮಸಮವಾಗಿ ನಿಂತ ಅರ್ಜಿಗಳ ನಡುವೆ ಆಯ್ಕೆ ಮಾಡಲಾಗದಾಗ, ಚೀಟಿಗೆ ಅವಕಾಶ ಕೊಟ್ಟಿದೆ. ಕೇಳಿದ ಕೂಡಲೇ ವಿದ್ವತ್ತಿಗೆ ಅವಮಾನ ಅನ್ನಿಸುತ್ತದೆ. ನನಗೆ ಅದರಲ್ಲಿ ಒಂದು ಸಭ್ಯತೆ ಕಾಣುತ್ತದೆ. ನಮಗೆ ಗೊತ್ತಾಗುವುದು ಇಲ್ಲಿಯವರೆಗೆ, ಇದರಾಚೆ ಗೊತ್ತಾಗುವುದಿಲ್ಲ ಎಂದು ಸಮಿತಿಯೇ ಹೇಳಿದರೆ, ಅರ್ಜಿದಾರನೂ ‘ಸಿಗುತ್ತದೆ’ ಎಂದು ಕೂಗಬೇಕಾಗಿಲ್ಲ. ಚೀಟಿಗೆ ಗಟ್ಟಿ ದನಿ ಕೇಳಿಸುವುದಿಲ್ಲ.

ಹಾಗಾದರೆ ಅರ್ಜಿದಾರ ಏನನ್ನು ಬರೆದುಕೊಡಬಹುದು? ಸೋಲುವ ಸ್ವಾತಂತ್ರ್ಯ ಎನ್ನುವುದು ಸೋಮಾರಿಗೂ ಒಳ್ಳೆಯ ಹೊದಿಕೆ ಎನ್ನುವುದನ್ನು ಮರೆಯುವಂತಿಲ್ಲ. ಮಳೆ ಕೈಕೊಟ್ಟ ಹೊಲ, ಬಿತ್ತದೇ ಬಿಟ್ಟ ಹೊಲ, ದಾರಿಹೋಕನಿಗೆ ಎರಡೂ ಬರಿದೇ. ಪಕ್ಕದ ಹೊಲದವನಿಗೆ ವ್ಯತ್ಯಾಸ ಗೊತ್ತಿರುತ್ತದೆ, ಯಾಕೆಂದರೆ ಅವನು ಉಳುವುದನ್ನು ನೋಡಿರುತ್ತಾನೆ. ಅಂದರೆ ಕೆಲಸ ನಡೆಯುವುದು ಇತರರಿಗೆ ಕಾಣುವ ಹಾಗಿರಬೇಕು. ಯಾವ ಊರಿಗೆ ಹೋದೆ, ಯಾರನ್ನು ಕೇಳಿದೆ, ಏನು ಕೇಳಿದೆ, ಏನು ಸಿಗಲಿಲ್ಲ ಎನ್ನುವುದು ದಾಖಲೆಯಲ್ಲಿರಬೇಕು. ಎಲ್ಲಿಗೆ ಬಂದರೆ ‘ಇಲ್ಲ’ ಎಂದು ಒಪ್ಪಿಕೊಂಡು ನಿಲ್ಲಿಸುತ್ತೇನೆ ಎನ್ನುವುದನ್ನು ಹೊರಡುವ ಮೊದಲೇ ಬರೆದಿಡಬೇಕು. ಸಿಗದ್ದನ್ನೂ ಪ್ರಕಟಿಸಬೇಕು, ಇಲ್ಲವಾದರೆ ಹತ್ತು ವರ್ಷದ ಮೇಲೆ ಇನ್ನೊಬ್ಬ ವಿದ್ಯಾರ್ಥಿ ಅದೇ ಊರಿಗೆ ಅದೇ ಪ್ರಶ್ನೆ ಹಿಡಿದು ಹೋಗುತ್ತಾನೆ. ಮಾತು ಕೊಟ್ಟ ಹಿರಿಯರಿಗೆ ಅವರ ದನಿಯ ಪ್ರತಿಯೊಂದು ಮರಳಬೇಕು. ಇವೆಲ್ಲ ಅರ್ಜಿದಾರನ ಕೈಯಲ್ಲಿರುವ ಸಂಗತಿಗಳು. ಇವುಗಳಲ್ಲಿ ತಪ್ಪಿದರೆ ಅವನನ್ನು ಹಿಡಿದು ಕೇಳಬಹುದು, ದುಡ್ಡು ವಾಪಸ್ ಕೊಡು ಎನ್ನಲೂಬಹುದು. ಸಮಿತಿಯ ಆ ಸದಸ್ಯರಿಗೆ ನಾನು ಹೇಳಿದ್ದೂ ಹೆಚ್ಚುಕಡಿಮೆ ಇಷ್ಟೇ. ಅವರು ಏನೋ ಗುರುತು ಹಾಕಿಕೊಂಡರು. ಫಲಿತಾಂಶ ಇನ್ನೂ ಬಂದಿಲ್ಲ.

ಮಾತು ಒಂದೇ ಕಡೆಯಿಂದ ಬಂದರೆ ಸಾಲದು. ‘ಹೈ ರಿಸ್ಕ್’ ಎಂದು ಕರೆ ಕೊಟ್ಟ ಸಂಸ್ಥೆ ಅಂತಿಮ ವರದಿಯಲ್ಲಿ ‘ಏನು ಸಿಗಲಿಲ್ಲ’ ಎಂಬ ಕಲಮನ್ನೂ ಇಡಬೇಕು, ಅದನ್ನು ತುಂಬಿದವರನ್ನು ಮುಂದಿನ ಸಲ ಬಾಕಿದಾರರಂತೆ ನೋಡಬಾರದು. ಐದು ವರ್ಷ ಕಳೆದರೂ ಒಂದು ಯೋಜನೆಯೂ ಸೋತಿಲ್ಲವೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ಇಂಥ ನಿಧಿಯಿದ್ದರೆ ಅದರ ಲೆಕ್ಕವನ್ನು ಅನುಮಾನದಿಂದಲೇ ನೋಡಬೇಕು. ಒಂದೋ ಅಪಾಯವಿಲ್ಲದ ಕೆಲಸಕ್ಕೆ ಹಣ ಹೋಗಿದೆ, ಇಲ್ಲವೇ ವರದಿಗಳು ನಿಜ ಹೇಳುತ್ತಿಲ್ಲ.

ಬಿತ್ತುವಟ್ಟ ಎಂಬ ಪದಕ್ಕೆ ಶಾಸನಗಳಲ್ಲಿರುವ ಅರ್ಥ, ಕೆರೆಯನ್ನು ಚೆನ್ನಾಗಿಟ್ಟುಕೊಳ್ಳಲು ಬಿಟ್ಟುಕೊಟ್ಟ ಭೂಮಿ ಅಥವಾ ಬೆಳೆಯ ಪಾಲು. ಹೂಳೆತ್ತಬೇಕು, ಏರಿ ಬಲಪಡಿಸಬೇಕು, ತೂಬು ನೋಡಿಕೊಳ್ಳಬೇಕು. ಅದನ್ನು ಬಿಟ್ಟುಕೊಟ್ಟವರಿಗೂ ಪಡೆದವರಿಗೂ ಒಂದು ವಿಷಯ ಚೆನ್ನಾಗಿ ಗೊತ್ತಿದ್ದಿರಬೇಕು: ಮಳೆ ಬರುತ್ತದೆಂದು ಯಾರೂ ಬರೆದುಕೊಡಲಾರರು, ಏರಿ ಕಾಯುತ್ತೇನೆಂದು ಬರೆದುಕೊಡಬಹುದು. ಮಳೆ ಬಂದ ವರ್ಷ ಏರಿ ಒಡೆದಿದ್ದರೆ ಅದಕ್ಕೆ ಕ್ಷಮೆಯಿಲ್ಲ. ಮಳೆ ಬಾರದ ವರ್ಷ ಗಟ್ಟಿಯಾದ ಏರಿ ಖಾಲಿ ಕೆರೆಯ ಸುತ್ತ ಸುಮ್ಮನೆ ನಿಂತಿದ್ದರೆ ಅದು ಏರಿಯ ತಪ್ಪಲ್ಲ. ಹಣ ಕೇಳುವವರೂ ಕೊಡುವವರೂ ಇಷ್ಟನ್ನು ಬೇರೆ ಬೇರೆಯಾಗಿ ನೋಡಲು ಕಲಿತರೆ, ನಾಲ್ಕನೆಯ ಪುಟದ ಕಲಮನ್ನು ಯಾರೂ ಸುಳ್ಳು ಹೇಳದೆ ತುಂಬಬಹುದು.